ಟೀಕಾಚಾರ್ಯರ ಟೀಕೆ, ನಮ್ಮ ಟೀಕೆ

14ನೆಯ ಶತಮಾನದ ಜಯತೀರ್ಥರಿಗೆ ಮಾಧ್ವ ಪರಂಪರೆ ಕೊಟ್ಟ ಬಿರುದು ‘ಟೀಕಾಚಾರ್ಯ’. ಭಕ್ತರ ಬಾಯಲ್ಲಿ ಅದು ಇನ್ನೂ ಹತ್ತಿರವಾಗಿ ‘ಟೀಕಾರಾಯರು’ ಆಗುತ್ತದೆ. ಮಧ್ವಾಚಾರ್ಯರ ಬರವಣಿಗೆ ಬಹಳ ಅಡಕ. ಒಂದೊಂದು ಸಾಲಿನೊಳಗೂ ಹಲವು ವಾದಗಳು ಮಡಿಚಿಕೊಂಡು ಕೂತಿರುತ್ತವೆ. ಆ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿಟ್ಟವರು ಜಯತೀರ್ಥರು. ಬ್ರಹ್ಮಸೂತ್ರಗಳ ಮೇಲೆ ಮಧ್ವರು ಬರೆದ ಅನುವ್ಯಾಖ್ಯಾನಕ್ಕೆ ಅವರು ಬರೆದ ಟೀಕೆಯೇ, ಅಂದರೆ ಅರ್ಥವಿವರಣೆಯೇ, ನ್ಯಾಯಸುಧಾ. ಅದನ್ನು ಪೂರ್ತಿ ಪಾಠ ಹೇಳಿಸಿಕೊಂಡು ಮುಗಿಸಿದವರಿಗಾಗಿ ಇವತ್ತಿಗೂ ‘ಸುಧಾಮಂಗಳ’ ಎಂಬ ಸಮಾರಂಭ ನಡೆಯುತ್ತದೆ.

ಅದೇ ಪದ ಈಗಿನ ಪತ್ರಿಕೆಯ ಕ್ರೀಡಾಪುಟದಲ್ಲಿ ಹೇಗೆ ಬರುತ್ತದೆ ನೋಡಿ: ‘ಟೀಕಾಕಾರರ ಬಾಯಿ ಮುಚ್ಚಿಸಿದ ಶತಕ’. ಕಾಳಿದಾಸನನ್ನು ನಮಗೆ ಓದಿಸಿದ ಮಲ್ಲಿನಾಥನೂ ಟೀಕಾಕಾರನೇ, ಬಾಯಿ ಮುಚ್ಚಿಸಬೇಕಾದವನೂ ಟೀಕಾಕಾರನೇ. ಮುಚ್ಚಿದ್ದನ್ನು ತೆರೆಯುವವನ ಹೆಸರು ನಮ್ಮ ನಿತ್ಯದ ಮಾತಿನಲ್ಲಿ ಚುಚ್ಚುವವನ ಹೆಸರಾಗಿದೆ. ಪದಗಳ ಅರ್ಥ ಬದಲಾಗುವುದು ಸಹಜ, ಅದಕ್ಕೆ ಅಳುತ್ತ ಕೂರಬೇಕಿಲ್ಲ. ಆದರೆ ಈ ಬದಲಾವಣೆಯಲ್ಲಿ ಪದದ ಜೊತೆಗೆ ಒಂದು ಕೆಲಸದ ಕ್ರಮವೂ ಕೈಬಿಟ್ಟು ಹೋಗಿದೆ. ನನ್ನ ಚಿಂತೆ ಆ ಕ್ರಮದ ಬಗ್ಗೆ.

ವ್ಯಾಖ್ಯಾನಕ್ಕೆ ಐದು ಲಕ್ಷಣಗಳೆಂದು ಸಂಸ್ಕೃತ ಪಾಠಶಾಲೆಗಳಲ್ಲಿ ಒಂದು ಶ್ಲೋಕ ಹೇಳಿಕೊಡುತ್ತಾರೆ. ಮೊದಲನೆಯದು ಪದಚ್ಛೇದ, ಅಂದರೆ ಕೂಡಿಕೊಂಡ ಪದಗಳನ್ನು ಬಿಡಿಸುವುದು. ಆಮೇಲೆ ಪದಾರ್ಥ, ಬಿಡಿಸಿದ ಪದಗಳ ಅರ್ಥ. ಮೂರನೆಯದು ವಿಗ್ರಹ, ಸಮಾಸಗಳನ್ನು ಒಡೆದು ತೋರಿಸುವುದು. ನಾಲ್ಕನೆಯದು ವಾಕ್ಯಯೋಜನೆ, ಯಾವ ಪದ ಯಾವುದರ ಜೊತೆ ಹೋಗುತ್ತದೆ ಎಂದು ಜೋಡಿಸುವುದು. ಕೊನೆಗೆ, ಐದನೆಯದಾಗಿ, ಆಕ್ಷೇಪಕ್ಕೆ ಸಮಾಧಾನ. ಇದು ಸರಿಯೇ, ಇದಕ್ಕೆ ಎದುರು ಮಾತು ಉಂಟೇ, ಇದ್ದರೆ ಉತ್ತರವೇನು ಎಂಬ ಪ್ರಶ್ನೆ ಬರುವುದು ಇಲ್ಲಿ ಮಾತ್ರ. ನಾಲ್ಕು ಮೆಟ್ಟಿಲು ಹತ್ತಿದವನಿಗಷ್ಟೇ ಐದನೆಯದರ ಮೇಲೆ ನಿಲ್ಲುವ ಅಧಿಕಾರ.

ಈ ಐದನ್ನೂ ಒಂದು ಕನ್ನಡ ಸಾಲಿನ ಮೇಲೆ ಪ್ರಯೋಗಿಸಿ ನೋಡೋಣ. ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದ ಸಾಲು:

“ಪದನರಿದು ನುಡಿಯಲುಂ ನುಡಿದುದನರಿದಾರಯಲುಮಾರ್ಪರಾ ನಾಡವರ್ಗಳ್.”

ಬಿಡಿಸಿದರೆ: ಪದನ್, ಅರಿದು, ನುಡಿಯಲುಂ, ನುಡಿದುದನ್, ಅರಿದು, ಆರಯಲುಂ, ಆರ್ಪರ್, ಆ, ನಾಡವರ್ಗಳ್. ಇಲ್ಲಿಯ ‘ಪದ’ ವ್ಯಾಕರಣದ ಪದವಲ್ಲ. ಅದು ನಮ್ಮ ‘ಹದ’. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುತ್ತದೆ, ‘ಪಾಲ್’ ಹಾಲಾದಂತೆ. ಆರ್ಪರ್ ಎಂದರೆ ಬಲ್ಲರು, ಶಕ್ತರು. ಒಡೆಯಬೇಕಾದ ದೊಡ್ಡ ಸಮಾಸ ಈ ಸಾಲಿನಲ್ಲಿ ಇಲ್ಲ, ಮೂರನೆಯ ಮೆಟ್ಟಿಲು ತಾನಾಗಿ ದಾಟಿತು. ಜೋಡಿಸಿದರೆ: ಆ ನಾಡಿನವರು ಹದವರಿತು ಮಾತಾಡಬಲ್ಲರು, ಇನ್ನೊಬ್ಬರು ಆಡಿದ್ದನ್ನು ಅರಿತು ಆರಯ್ಯಬಲ್ಲರು. ಈಗ ಆಕ್ಷೇಪ: ಇದು ಪಂಡಿತರನ್ನು ಕುರಿತ ಮಾತೇ? ಉತ್ತರವನ್ನು ಆ ಪದ್ಯವೇ ಮುಂದಕ್ಕೆ ಕೊಡುತ್ತದೆ. ‘ಕುರಿತೋದದೆಯುಂ’, ಅಂದರೆ ಹಟ ಹಿಡಿದು ಓದದೆಯೂ, ಅವರು ಕಾವ್ಯಪ್ರಯೋಗದಲ್ಲಿ ಪರಿಣತಮತಿಗಳು. ಆಡುವುದನ್ನೂ ಅಳೆಯುವುದನ್ನೂ ಕವಿ ಸಾಮಾನ್ಯ ಜನರ ಕೈಗೇ ಕೊಟ್ಟಿದ್ದಾನೆ.

‘ನುಡಿದುದನರಿದಾರಯಲ್’ ಎಂಬುದರ ಕ್ರಮವನ್ನು ಗಮನಿಸಿ. ಅರಿದು, ಆಮೇಲೆ ಆರಯಲ್. ‘ಕ್ರಿಟಿಸಿಸಂ’ ಎಂಬ ಇಂಗ್ಲಿಷ್ ಪದಕ್ಕೆ ಕನ್ನಡದ್ದೇ ಸಮಾನಪದ ಬೇಕೆಂದು ಹುಡುಕುವವರಿಗೆ ಅದು ಅಲ್ಲೇ ಇದೆ, ಹನ್ನೊಂದೂವರೆ ಶತಮಾನದಿಂದ. ಆರಯ್ ಎಂದರೆ ಪರಿಶೀಲಿಸು, ಹುಡುಕಿ ನೋಡು. ಆರಯ್ ಎಂದರೆ ನೋಡಿಕೊಳ್ಳು, ಪೋಷಿಸು ಎಂದೂ ಹೌದು. ಬಾಣಂತಿಯ ‘ಆರೈಕೆ’ ಬಂದಿರುವುದು ಇದೇ ಧಾತುವಿನಿಂದ. ತಮಿಳಿನಲ್ಲಿ ಇದೇ ಬಳಗದ ‘ಆರಾಯ್ಚಿ’ ಎಂದರೆ ಸಂಶೋಧನೆ. ಒಂದು ಬೇರು ಅಲ್ಲಿ ಸಂಶೋಧನೆಯಾಗಿ ಚಿಗುರಿತು, ಇಲ್ಲಿ ಆರೈಕೆಯಾಗಿ ಚಿಗುರಿತು. ಮಗುವಿನ ಮೈ ಸುಡುತ್ತಿದೆಯೇ ಎಂದು ಹಣೆ ಮುಟ್ಟಿ ನೋಡುವ ಕೈ ಪರೀಕ್ಷೆಯನ್ನೂ ಮಾಡುತ್ತಿದೆ, ಪೋಷಣೆಯನ್ನೂ ಮಾಡುತ್ತಿದೆ. ಎರಡಕ್ಕೂ ಒಂದೇ ಕ್ರಿಯಾಪದವಿಟ್ಟ ನುಡಿ ನಮ್ಮದು ಎನ್ನುವುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಜಾರಿದ್ದು ಟೀಕೆ ಒಂದೇ ಅಲ್ಲ. ಖಂಡನೆ, ದೂಷಣೆ ಕೂಡ ಶಾಸ್ತ್ರಚರ್ಚೆಯ ಸಲಕರಣೆಗಳೇ ಆಗಿದ್ದವು. ಖಂಡನ ಎಂದರೆ ಎದುರಾಳಿಯ ವಾದವನ್ನು ಯುಕ್ತಿಯಿಂದ ಮುರಿಯುವುದು, ಅದರ ಜೋಡಿ ಮಂಡನ. ದೂಷಣ ಎಂದರೆ ವಾದದಲ್ಲಿ ದೋಷ ತೋರಿಸುವುದು. ಈಗ ‘ಹಲ್ಲೆ ಖಂಡಿಸಿ ಪ್ರತಿಭಟನೆ’ ಎನ್ನುವಾಗ ಯುಕ್ತಿಯ ಮಾತಿಲ್ಲ, ನೈತಿಕ ತಿರಸ್ಕಾರವಿದೆ. ದೂಷಣೆಯಂತೂ ಬೈಗುಳದ ಪಕ್ಕದ ಮನೆ ಸೇರಿದೆ. ‘ಟೀಕೆ ಟಿಪ್ಪಣಿ’ ಎಂಬ ಜೋಡಿನುಡಿ ಮೂಲದಲ್ಲಿ ಗ್ರಂಥದ ಅರ್ಥವಿವರಣೆ ಮತ್ತು ಅಂಚಿನ ಬರಹ. ಬೆಡಗಿನ ವಚನಗಳ ಗೂಢಾರ್ಥ ಬಿಡಿಸಿ ಬರೆದವೂ ಟೀಕೆಗಳೇ. ಇವತ್ತು ‘ಅವರ ಟೀಕೆ ಟಿಪ್ಪಣಿ ಬೇಡ’ ಎಂದರೆ ಕೊಂಕುಮಾತು ಬೇಡ ಎಂದರ್ಥ. ಹಿಂದಿಯವರ ‘ಆಲೋಚನಾ’ ಟೀಕೆಯಾದರೆ ನಮ್ಮ ಆಲೋಚನೆ ಯೋಚನೆಯಾಗಿಯೇ ಉಳಿದಿದೆ. ಅಷ್ಟಾದರೂ ಉಳಿಯಿತಲ್ಲ ಎಂಬ ಸಮಾಧಾನ ನನಗಿದೆ. ಟೀಕೆ ಯಾಕೆ ಜಾರಿತು ಎಂದರೆ, ಐದು ಮೆಟ್ಟಿಲಲ್ಲಿ ಸದ್ದು ಮಾಡುವುದು ಐದನೆಯದು ಮಾತ್ರ. ಪದ ಬಿಡಿಸುವುದು ಸದ್ದಿಲ್ಲದ ಕೆಲಸ, ಆಕ್ಷೇಪ ಎತ್ತುವುದು ಸಭೆಗೆ ಕೇಳಿಸುವ ಕೆಲಸ. ಕೇಳಿಸಿದ್ದೇ ಹೆಸರಾಗಿ ನಿಂತಿತು. ಈಗಿನ ಟೀಕೆಯಲ್ಲಿ ಆ ಐದನೆಯದರ ಅರ್ಧವಷ್ಟೇ ಉಳಿದಿದೆ: ಆಕ್ಷೇಪ ಇದೆ, ಸಮಾಧಾನ ಇಲ್ಲ.

‘ವಿಮರ್ಶೆ’ಯ ಬೇರು ‘ಮೃಶ್’, ಕೈಯಿಂದ ಮುಟ್ಟಿ, ಸವರಿ ನೋಡುವುದು. ಪರಾಮರ್ಶೆಯೂ ಅದರದ್ದೇ. ಬಟ್ಟೆ ಅಂಗಡಿಯಲ್ಲಿ ಸೀರೆಯ ಸೆರಗನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿ ನೋಡುತ್ತೇವಲ್ಲ, ಅದು ವಿಮರ್ಶೆಯ ಮೂಲ ಅರ್ಥಕ್ಕೆ ತೀರ ಹತ್ತಿರ. ದೂರದಿಂದ ಮಾಡಲಾಗದ ಕೆಲಸ ಅದು.

ಟೀಕೆಗೂ ವಿಮರ್ಶೆಗೂ ಇರುವ ವ್ಯತ್ಯಾಸವನ್ನು ನಿಘಂಟಿಗಿಂತ ವಾಕ್ಯರಚನೆ ಚೆನ್ನಾಗಿ ತೋರಿಸುತ್ತದೆ. ‘ಸಚಿವರನ್ನು ಟೀಕಿಸಿದರು’ ಸಲೀಸಾಗಿ ಬರುತ್ತದೆ. ‘ಸಚಿವರನ್ನು ವಿಮರ್ಶಿಸಿದರು’ ಎಂದರೆ ಕಿವಿಗೆ ಒಗ್ಗುವುದಿಲ್ಲ. ವಿಮರ್ಶಿಸುವುದು ಕಾದಂಬರಿಯನ್ನು, ನಾಟಕವನ್ನು, ಧೋರಣೆಯನ್ನು. ಅಂದರೆ ಕನ್ನಡದಲ್ಲಿ ಟೀಕೆ ಆಳಿನ ಕಡೆ ತಿರುಗುತ್ತದೆ, ವಿಮರ್ಶೆ ಕೃತಿಯ ಕಡೆ ತಿರುಗುತ್ತದೆ. ಟೀಕೆಯ ಜೊತೆ ಬರುವ ಕ್ರಿಯಾಪದಗಳೂ ಹಾಗೇ: ಟೀಕೆಗೆ ಗುರಿಯಾದರು, ಟೀಕೆಗೆ ತುತ್ತಾದರು, ಟೀಕಾಪ್ರಹಾರ. ಬಾಣ, ಬಾಯಿ, ಏಟು. ಬರೆಯುವವರಿಗೆ ಇದರಿಂದ ಒಂದು ಪರೀಕ್ಷೆ ಸಿಗುತ್ತದೆ. ನಿಮ್ಮ ವಾಕ್ಯದಲ್ಲಿ ‘ಅನ್ನು’ ಪ್ರತ್ಯಯ ಯಾರಿಗೆ, ಯಾವುದಕ್ಕೆ ಹತ್ತಿದೆ ನೋಡಿ. ಮನುಷ್ಯನ ಹೆಸರಿಗೆ ಹತ್ತಿದ್ದರೆ ಅದನ್ನು ಅವನ ಕೆಲಸದ ಹೆಸರಿಗೆ ಹತ್ತಿಸಿ ಮತ್ತೆ ಬರೆಯಿರಿ. ಎಷ್ಟೋ ಸಲ ವಾಕ್ಯ ನಿಲ್ಲುವುದೇ ಇಲ್ಲ. ನಿಲ್ಲದಿದ್ದರೆ ಅಲ್ಲಿ ವಿಮರ್ಶೆ ಇರಲಿಲ್ಲ, ಸಿಟ್ಟಿತ್ತು.

ಈ ಗೆರೆಯನ್ನು ನಮ್ಮ ಕಾನೂನೂ ಎಳೆದಿದೆ. 1860ರ ಭಾರತೀಯ ದಂಡ ಸಂಹಿತೆಯ 499ನೇ ಕಲಂ ಮಾನಹಾನಿಯದು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಬಂದಿದೆ. ಜನರ ಮುಂದೆ ತೀರ್ಪಿಗಾಗಿ ಇಟ್ಟ ಕೃತಿಯ ಬಗ್ಗೆ ಸದ್ಭಾವನೆಯಿಂದ ಅಭಿಪ್ರಾಯ ಹೇಳುವುದು ಮಾನಹಾನಿಯಲ್ಲ ಎಂಬುದು ಅದರ ಆರನೆಯ ವಿನಾಯಿತಿ. ಅದಕ್ಕೆ 499ನೇ ಕಲಂ ಕೊಟ್ಟ ಉದಾಹರಣೆಗಳಲ್ಲಿ ಎರಡನ್ನು ಪ್ರತಿಯೊಬ್ಬ ವಿಮರ್ಶಕ ಮೇಜಿನ ಮೇಲೆ ಅಂಟಿಸಿಕೊಳ್ಳಬೇಕು. ‘ಇವರ ಪುಸ್ತಕ ಮೂರ್ಖತನದ್ದು, ಇವರು ದುರ್ಬಲ ಮನುಷ್ಯರೇ ಇರಬೇಕು’ ಎಂದು ಸದ್ಭಾವನೆಯಿಂದ ಹೇಳಿದರೆ ವಿನಾಯಿತಿ ಉಂಟು, ಏಕೆಂದರೆ ಆ ಮಾತು ಪುಸ್ತಕದಲ್ಲಿ ಕಂಡಷ್ಟೇ ವ್ಯಕ್ತಿತ್ವವನ್ನು ಮುಟ್ಟುತ್ತದೆ. ‘ಇವರ ಪುಸ್ತಕ ಮೂರ್ಖತನದ್ದೆಂದರೆ ನನಗೇನೂ ಆಶ್ಚರ್ಯವಿಲ್ಲ, ಇವರು ದುರ್ಬಲರು, ಲಂಪಟರು’ ಎಂದರೆ ವಿನಾಯಿತಿ ಇಲ್ಲ. ಬೈಗುಳ ಎರಡರಲ್ಲೂ ಇದೆ. ವ್ಯತ್ಯಾಸವಿರುವುದು ಮಾತು ಹೊರಡುವ ಜಾಗದಲ್ಲಿ. ಮೊದಲನೆಯದು ಪುಟದಿಂದ ಹೊರಟು ಮನುಷ್ಯನ ಕಡೆಗೆ ಬಂತು, ಎರಡನೆಯದು ಮನುಷ್ಯನಿಂದ ಹೊರಟು ಪುಟದ ಮೇಲೆ ಬಿತ್ತು.

(ವಿಮರ್ಶೆ ಬರೆಯುವವರಿಗೆ ಇನ್ನೊಂದು ಉಪಯೋಗದ ಮಾತು: ಪ್ರಕಟವಾದ ಕೃತಿಯಿಂದ ವಿಮರ್ಶೆಗಾಗಿ ನ್ಯಾಯವಾದ ಮಿತಿಯಲ್ಲಿ ಸಾಲುಗಳನ್ನು ಉದ್ಧರಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ. ಹೆದರಿ ಉದ್ಧರಣೆಯನ್ನೇ ಬಿಟ್ಟು ಬರೆದರೆ ವಿಮರ್ಶೆ ಗಾಳಿಮಾತಾಗುತ್ತದೆ.)

ಸುದ್ದಿಮನೆಯಲ್ಲಿ ‘ಹೇಳಿದರು’ ಎಂಬುದರ ಬದಲಿಗೆ ಹತ್ತಾರು ಪದಗಳಿವೆ, ಅವುಗಳ ತೂಕ ಬೇರೆ ಬೇರೆ. ಆಕ್ಷೇಪಿಸುವುದು ಒಂದು ನಿರ್ದಿಷ್ಟ ವಿಷಯಕ್ಕೆ. ಸರ್ಕಾರ ಕರಡು ನಿಯಮ ಹೊರಡಿಸಿ ಆಕ್ಷೇಪಣೆ ಕರೆಯುವುದು ಅದಕ್ಕೇ. ತರಾಟೆಗೆ ತೆಗೆದುಕೊಳ್ಳುವುದು ಮೇಲಿನವರು ಕೆಳಗಿನವರನ್ನು, ಎದುರಿಗೇ ನಿಲ್ಲಿಸಿಕೊಂಡು. ಕುಟುಕುವುದು ಒಂದು ಸಾಲಿನಲ್ಲಿ. ಲೇವಡಿಯಲ್ಲಿ ನಗೆ ಇರಲೇಬೇಕು. ಅಂಕಿಅಂಶವಿಟ್ಟು ಬಜೆಟ್ಟಿನ ಲೋಪ ತೋರಿಸಿದ ಸದಸ್ಯರನ್ನು ‘ಕಿಡಿಕಾರಿದರು’ ಎಂದು ಬರೆದರೆ ಅವರ ಅಂಕಿಗಳೆಲ್ಲ ಬೆಂಕಿಗೆ ಬಿದ್ದಂತೆ. ಓದುಗನಿಗೆ ಜಗಳ ನೆನಪಿರುತ್ತದೆ, ಲೆಕ್ಕ ನೆನಪಿರುವುದಿಲ್ಲ.

ಇನ್ನು ಮಾಡುವ ಬಗೆ. ‘ಕ್ರಿಟಿಸಿಸಂ’ ಗ್ರೀಕಿನ ‘ಕ್ರಿನೈನ್’ ಎಂಬುದರಿಂದ ಬಂದದ್ದು: ಬೇರ್ಪಡಿಸು, ತೀರ್ಪು ಕೊಡು. ಇನ್ನೂ ಹಿಂದಕ್ಕೆ ಹೋದರೆ ಆ ಬೇರಿನ ಅರ್ಥ ಜರಡಿ ಹಿಡಿಯುವುದು. ಜರಡಿ, ಮೊರದ ಕೆಲಸ ನಮಗೆ ಹೇಳಿಕೊಡಬೇಕಾಗಿಲ್ಲ. ಅಕ್ಕಿ ಹಸನು ಮಾಡುವಾಗ ಕಸ ಒಂದೇ ಬಗೆಯದಲ್ಲ, ಆದ್ದರಿಂದ ಉಪಾಯವೂ ಒಂದೇ ಅಲ್ಲ. ಹೊಟ್ಟು ಹಗುರ, ಮೊರದಲ್ಲಿ ಕೇರಿದರೆ ಮುಂದಿನ ಅಂಚಿನಿಂದ ಹಾರಿಹೋಗುತ್ತದೆ. ನುಚ್ಚು ಭಾರವಿದ್ದರೂ ಚಿಕ್ಕದು, ಜರಡಿಯಲ್ಲಿ ಕೆಳಕ್ಕೆ ಉದುರುತ್ತದೆ. ಕಲ್ಲು ಮಾತ್ರ ಅಕ್ಕಿಯಷ್ಟೇ ದಪ್ಪ, ಅಕ್ಕಿಯದೇ ಬಣ್ಣ. ಮೊರಕ್ಕೂ ಸಿಗದು, ಜರಡಿಗೂ ಸಿಗದು. ತಟ್ಟೆಯಲ್ಲಿ ತೆಳ್ಳಗೆ ಹರವಿ, ಬೆಳಕಿಗೆ ಹಿಡಿದು, ಬೆರಳಲ್ಲೇ ಆರಿಸಬೇಕು.

ಬರಹದಲ್ಲೂ ಮೂರು ಬಗೆ. ಹೊಟ್ಟೆಂದರೆ ತೂಕವಿಲ್ಲದ ವಿಶೇಷಣಗಳು, ಒಂದು ಸಲ ಗಟ್ಟಿಯಾಗಿ ಓದಿದರೆ ಹಾರಿಹೋಗುತ್ತವೆ. ನುಚ್ಚೆಂದರೆ ಅರ್ಧಕ್ಕೇ ಮುರಿದ ಯೋಚನೆ. ಕಲ್ಲು ಅಂದರೆ ತಪ್ಪು ಇಸವಿ, ಯಾರದೋ ಮಾತನ್ನು ಇನ್ನಾರದೋ ಹೆಸರಿಗೆ ಹಚ್ಚಿದ್ದು, ನೋಡಲು ಸತ್ಯದಂತೆಯೇ ಇರುವ ಸುಳ್ಳು. ಒಳ್ಳೆಯ ಶೈಲಿಯ ಬರಹದಲ್ಲಿ ಕಲ್ಲು ಇನ್ನೂ ಚೆನ್ನಾಗಿ ಅಡಗುತ್ತದೆ. ಶೈಲಿ ಮೆಚ್ಚುತ್ತ ಓದಿದ ವಿಮರ್ಶಕನ ಹಲ್ಲಿಗೆ ಅದು ಸಿಗುವುದೇ ಇಲ್ಲ, ಅದನ್ನು ನಂಬಿ ಉಣ್ಣುವ ಓದುಗನಿಗೆ ಸಿಗುತ್ತದೆ.

ಕೃತಿಯನ್ನು ಎರಡು ಸಲ ಓದಬೇಕು. ಮೊದಲ ಸಲ ಕೈಯಲ್ಲಿ ಪೆನ್ನು ಬೇಡ. ಎರಡನೆಯ ಸಲ ಪುಟಸಂಖ್ಯೆಯ ಜೊತೆ ಗುರುತು ಮಾಡಿಕೊಳ್ಳಬೇಕು. ಬರೆಯಲು ಕೂತಾಗ ಕೃತಿ ಏನು ಮಾಡಲು ಹೊರಟಿದೆ ಎಂಬುದನ್ನು ನಾಲ್ಕೈದು ವಾಕ್ಯಗಳಲ್ಲಿ, ಬರೆದವರೇ ಓದಿ ‘ಹೌದು, ಇದೇ’ ಎನ್ನುವಂತೆ ಮೊದಲು ಹೇಳಬೇಕು. ಶಾಸ್ತ್ರದಲ್ಲಿ ಇದಕ್ಕೆ ಪೂರ್ವಪಕ್ಷ ಎನ್ನುತ್ತಾರೆ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ, ಆಮೇಲೆ ಸಿದ್ಧಾಂತಕ್ಕೆ ಕೈಹಾಕುವುದು. ತರ್ಕ ಕಲಿಸುವ ನ್ಯಾಯಶಾಸ್ತ್ರ ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸುತ್ತದೆ. ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನ ನಿಲುವನ್ನೇ ಇಡದೆ ಎದುರಿನವರದ್ದನ್ನು ಕೆಡವುವುದಷ್ಟೇ ವಿತಂಡ. ಮೂರರಲ್ಲಿ ನಮ್ಮ ಆಡುಮಾತಿಗೆ ಇಳಿದದ್ದು ವಿತಂಡವಾದ. ನಮಗೆ ಹೆಚ್ಚು ಎದುರಾಗುವುದು ಯಾವುದು ಎಂದು ಭಾಷೆಯೇ ಲೆಕ್ಕ ಇಟ್ಟುಕೊಂಡಿದೆ.

ದೋಷ ಹೇಳುವ ವಾಕ್ಯದಲ್ಲಿ ಮೂರು ಅಂಗ ಇರಬೇಕು: ಎಲ್ಲಿ, ಏನು, ಅದರಿಂದ ಏನಾಯಿತು. ‘ಉತ್ತರಾರ್ಧದಲ್ಲಿ ಕಥೆ ಹಿಡಿತ ಕಳೆದುಕೊಳ್ಳುತ್ತದೆ’ ಎಂಬ ಸಾಲು ನೂರು ವಿಮರ್ಶೆಗಳಲ್ಲಿ ಬಂದಿದೆ, ಯಾವ ಕಥೆಗೆ ಅಂಟಿಸಿದರೂ ಅಂಟುತ್ತದೆ. ಅದನ್ನೇ ಹೀಗೆ ಬರೆಯಬಹುದು: ‘ಮೊದಲ ನಾಲ್ಕು ಪುಟ ಕಥೆಯನ್ನು ಮಗಳ ಕಣ್ಣಿಂದ ನೋಡುತ್ತೇವೆ, ಐದನೆಯ ಪುಟದಲ್ಲಿ ಇದ್ದಕ್ಕಿದ್ದಂತೆ ಅಪ್ಪನ ಮನಸ್ಸಿನ ಮಾತು ಬರುತ್ತದೆ. ಅಪ್ಪ ಸಾಲ ಮಾಡಿದ್ದಾನೆಂದು ಅಲ್ಲೇ ಗೊತ್ತಾಗುವುದರಿಂದ ಕೊನೆಯಲ್ಲಿ ಮಗಳಿಗೆ ತಿಳಿಯುವ ಗಳಿಗೆ ಓದುಗನಿಗೆ ಹಳೆಯ ಸುದ್ದಿಯಾಗಿದೆ.’ ಇದು ತಪ್ಪೆಂದು ಲೇಖಕರು ವಾದಿಸಬಹುದು. ವಾದಿಸಲು ಒಂದು ಜಾಗ ಸಿಕ್ಕಿತಲ್ಲ, ಅದೇ ಈ ವಾಕ್ಯದ ಬೆಲೆ. ಮೊದಲ ಸಾಲಿಗೆ ಮುಖ ಸಪ್ಪಗೆ ಮಾಡುವುದನ್ನು ಬಿಟ್ಟು ಬೇರೆ ಉತ್ತರವಿಲ್ಲ.

ದೋಷಗಳು ಹತ್ತು ಕಂಡರೂ ಮುಖ್ಯವಾದ ಎರಡನ್ನೇ ಹೇಳುವುದು ಒಳ್ಳೆಯದು. ಹತ್ತನ್ನೂ ಪಟ್ಟಿ ಮಾಡಿದರೆ ಎದುರಿನವರು ಅವುಗಳಲ್ಲಿ ಅತಿ ಸಣ್ಣದನ್ನು ಹಿಡಿದು ಉತ್ತರಿಸಿ ಉಳಿದ ಒಂಬತ್ತನ್ನೂ ಅದರ ಜೊತೆ ಗುಡಿಸಿಬಿಡುತ್ತಾರೆ. ಮಲ್ಲಿನಾಥ ತನ್ನ ಟೀಕೆಗೆ ತಾನೇ ಹಾಕಿಕೊಂಡ ಕಟ್ಟಳೆ ಇಲ್ಲಿ ಸಹಾಯಕ್ಕೆ ಬರುತ್ತದೆ: ‘ನಾಮೂಲಂ ಲಿಖ್ಯತೇ ಕಿಂಚಿತ್, ನಾನಪೇಕ್ಷಿತಮುಚ್ಯತೇ’. ಆಧಾರವಿಲ್ಲದ್ದನ್ನು ಬರೆಯುವುದಿಲ್ಲ, ಬೇಡದ್ದನ್ನು ಹೇಳುವುದಿಲ್ಲ. ಕಾರಣ ಹೇಳುವ ಕಲೆಗೆ ನಯಸೇನನನ್ನು ನೋಡಬೇಕು. 1112ರಲ್ಲಿ ಮುಳುಗುಂದದ ಈ ಕವಿ, ಶುದ್ಧಗನ್ನಡದಲ್ಲಿ ಸಂಸ್ಕೃತ ತಂದು ತುರುಕುವವರನ್ನು ಕುರಿತು ‘ತಕ್ಕುದೆ ಬೆರಸಲ್ಕೆ ಘೃತಮುಮಂ ತೈಲಮುಮಂ’ ಎಂದು ಕೇಳಿದ. ತುಪ್ಪವನ್ನೂ ಎಣ್ಣೆಯನ್ನೂ ಬೆರೆಸುವುದು ತಕ್ಕದ್ದೇ? ತುಪ್ಪ ಕೆಟ್ಟದ್ದೆಂದಿಲ್ಲ, ಎಣ್ಣೆ ಕೆಟ್ಟದ್ದೆಂದಿಲ್ಲ. ಬೆರಕೆಯಲ್ಲಿ ಎರಡರ ರುಚಿಯೂ ಹೋಗುತ್ತದೆ ಎಂಬುದು ಅಡುಗೆಮನೆ ಬಲ್ಲ ಯಾರಿಗೂ ತಿಳಿಯುತ್ತದೆ. ಯಾರ ಹೆಸರನ್ನೂ ಹಿಡಿಯದೆ ಒಂದು ಇಡೀ ಅಭ್ಯಾಸವನ್ನು ಅವನು ಅಳೆದುಬಿಟ್ಟ.

ಅಡುಗೆಮನೆ ಎಂದರೆ, ನಿತ್ಯದ ವಿಮರ್ಶೆಯೆಲ್ಲ ನಡೆಯುವುದು ಅಲ್ಲೇ. ‘ಸಾರು ಚೆನ್ನಾಗಿಲ್ಲ’ ಎಂದರೆ ಬಡಿಸಿದವರಿಗೆ ನೋವು, ಸಾರಿಗೆ ಲಾಭವಿಲ್ಲ. ‘ಹುಣಸೆ ಇನ್ನೂ ಹಸಿ ವಾಸನೆ ಹೊಡೀತಿದೆ ಕಣೇ, ಪುಡಿ ಹಾಕೋ ಮುಂಚೆ ಐದು ನಿಮಿಷ ಕುದಿಸಿದ್ರೆ ಹೋಗ್ತಿತ್ತು’ ಎಂದರೆ ನಾಳೆಯ ಸಾರು ಬೇರೆಯಾಗುತ್ತದೆ. ಹಿರಿಯರಿಗೆ ಹೇಳಬೇಕಾದಾಗ ಕನ್ನಡ ‘ಏನೋ’ ಎಂಬ ಪ್ರತ್ಯಯ ಕೊಟ್ಟಿದೆ: ‘ಅತ್ತೆ, ಇನ್ನೊಂಚೂರು ಕುದೀಬೇಕಿತ್ತೇನೋ.’ ನಿರ್ಣಯವನ್ನು ಅವರ ಕೈಗೇ ಬಿಟ್ಟ ಹಾಗೂ ಆಯಿತು, ಮಾತು ತಲುಪಿದ ಹಾಗೂ ಆಯಿತು. ಅತಿ ವಿನಯದಿಂದ ಕೆಡುವುದೂ ಉಂಟು. ‘ಪರವಾಗಿಲ್ಲ’ ಎಂಬುದು ಮೆಚ್ಚುಗೆಯೋ ಸಹನೆಯೋ ಎಂದು ರಾಗದಿಂದಷ್ಟೇ ತಿಳಿಯಬೇಕು. ಬರೆದರೆ ರಾಗ ಸತ್ತುಹೋಗುತ್ತದೆ. ಧಾರವಾಡದ ‘ಅಡ್ಡಿಯಿಲ್ಲ’ ಮೆಚ್ಚುಗೆಗೆ ಹತ್ತಿರ, ಆದರೆ ಬೆಂಗಳೂರಿನ ಕಿವಿಗೆ ಅದು ‘ಹೇಗೋ ನಡೆಯುತ್ತೆ’ ಎಂದು ಕೇಳಿಸಬಹುದು. ಬರಹದಲ್ಲಿ ಅಭಿಪ್ರಾಯ ತಿಳಿಸುವಾಗ ಈ ಎರಡನ್ನೂ ಬಿಡುವುದು ಕ್ಷೇಮ.

ಮಕ್ಕಳಿಗೆ ಹೇಳುವಾಗ ‘ತಿದ್ದು’ ಎಂಬ ಪದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ತಪ್ಪು ತಿದ್ದುವುದೂ ತಿದ್ದುವುದೇ, ಮರಳಿನಲ್ಲೋ ಸ್ಲೇಟಿನಲ್ಲೋ ಬರೆದುಕೊಟ್ಟ ಅಕ್ಷರದ ಮೇಲೆ ಮಗು ಮತ್ತೆ ಮತ್ತೆ ಕೈಯಾಡಿಸುವುದೂ ‘ಅಕ್ಷರ ತಿದ್ದುವುದೇ’. ಮೊದಲು ಯಾರಾದರೂ ಸರಿಯಾದ ‘ಅ’ ಬರೆದುಕೊಟ್ಟಿರಬೇಕು, ಆಗಷ್ಟೇ ತಿದ್ದಲು ಬರುವುದು. ಕೆಂಪು ಗೀಟು ಎಳೆದು ಬಿಟ್ಟ ಉತ್ತರಪತ್ರಿಕೆಯಲ್ಲಿ ಮಗುವಿಗೆ ತಿದ್ದಲು ಏನೂ ಇರುವುದಿಲ್ಲ.

ಟೀಕೆ ನಮ್ಮ ಮೇಲೇ ಬಂದಾಗ ಮೊರ ನಮ್ಮ ಕೈಯಲ್ಲಿರುತ್ತದೆ. ಬಂದ ದಿನವೇ ಉತ್ತರ ಬರೆದರೆ ಹೊಟ್ಟಿಗೆ ಉತ್ತರ ಬರೆಯುತ್ತೇವೆ, ಏಕೆಂದರೆ ಮೊದಲು ಕಣ್ಣಿಗೆ ಹಾರುವುದು ಅದೇ. ಒಂದೆರಡು ದಿನ ಬಿಟ್ಟು, ವಿಶೇಷಣಗಳಿಗೆಲ್ಲ ಗೀಟು ಹೊಡೆದು ಮತ್ತೆ ಓದಬೇಕು. ಏನೂ ಉಳಿಯದಿದ್ದರೆ ಅಲ್ಲಿಗೆ ಮುಗಿಯಿತು. ಇಸವಿಯೋ ಹೆಸರೋ ತಪ್ಪೆಂದು ತೋರಿಸಿದ್ದರೆ, ಹೇಳಿದವರ ದನಿ ಎಷ್ಟೇ ಒರಟಾಗಿರಲಿ, ಅವರು ನಮ್ಮ ಅನ್ನದ ಕಲ್ಲು ಆರಿಸಿಕೊಟ್ಟವರು. ಕಷ್ಟವಿರುವುದು ನುಚ್ಚಿನಂಥ ಟೀಕೆಯದು: ಅರ್ಧ ಸರಿ, ಅರ್ಧ ತಪ್ಪು, ಹೇಳಿದವರಿಗೇ ಪೂರ್ತಿ ಸ್ಪಷ್ಟವಿಲ್ಲದ್ದು. ‘ಈ ಭಾಗ ಯಾಕೋ ಓದೋಕೆ ಕಷ್ಟ ಆಯ್ತು’ ಎನ್ನುತ್ತಾರೆ. ಅವರು ಕೊಡುವ ಕಾರಣ ತಪ್ಪಿರುತ್ತದೆ, ಕಷ್ಟವಾದದ್ದು ಮಾತ್ರ ನಿಜವಿರುತ್ತದೆ. ಅದನ್ನು ಜರಡಿಯ ಕೆಳಗೆ ಬಿದ್ದದ್ದೆಂದು ಹೊಟ್ಟಿನ ಜೊತೆ ಹೊರಗೆ ಚೆಲ್ಲಬಾರದು. ನುಚ್ಚಕ್ಕಿಯನ್ನು ಮನೆಯಲ್ಲಿ ಬೇರೆ ಡಬ್ಬಿಯಲ್ಲಿ ತುಂಬಿಡುತ್ತಾರೆ. ಅನ್ನಕ್ಕೆ ಬರದಿದ್ದರೂ ಗಂಜಿಗೆ ಅದೇ ಬೇಕು.